ಭಟ್ಟರ ಮೊಣಕಾಲಿಗೆ ಮೀನಿನ ಐಸು

ಕಳೆದ ತಿಂಗಳು ಉಚ್ಚಿಲದಲ್ಲಿ ಬಿದ್ದೆ. ಪೂರ್ತಿ ಬಿದ್ದದ್ದೂ ಅಲ್ಲ. ಸರ್ವಿಸ್ ರೋಡಿನ ಮರಳಿನಲ್ಲಿ ಸ್ಕೂಟರ್ ಜಾರಿತು, ತಡೆಯಲು ಎಡಗಾಲು ಊರಿದೆ. ಪಾದ ಅಲ್ಲೇ ನಿಂತಿತು, ಮೈ ತಿರುಗಿತು. ಮೊಣಕಾಲಿನೊಳಗೆ ಏನೋ ಟಕ್ ಎಂದಿತು. (ಸ್ಕೂಟರಿಗೆ ಒಂದು ಗೀರೂ ಇಲ್ಲ. ಎಂಥಾ ಅನ್ಯಾಯ ನೋಡಿ!)

ಮೊದಲು ಹತ್ತಿರ ಬಂದವರು ರಸ್ತೆ ಬದಿಯಲ್ಲಿ ಮೀನು ಮಾರುವ ಗುಲಾಬಿಯಕ್ಕ. ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. ಪ್ಯಾಂಟ್ ಮೇಲೆತ್ತಿ ನೋಡಿದರು. ಮೀನಿನ ಪೆಟ್ಟಿಗೆಯಿಂದ ಎರಡು ಹಿಡಿ ಐಸು ತೆಗೆದು, ಟವೆಲಿನಲ್ಲಿ ಕಟ್ಟಿ, ಮೊಣಕಾಲಿಗೆ ಇಟ್ಟೇಬಿಟ್ಟರು.

ನಾನೋ, ಬೆಳಗಿನ ಪೂಜೆ ಮುಗಿಸಿ, ಹಣೆಗೆ ಗೋಪೀಚಂದನ ಹಚ್ಚಿಕೊಂಡು ಕಾಲೇಜಿಗೆ ಪಾಠ ಮಾಡಲು ಹೊರಟವ. ಬಂಗುಡೆಯ ವಾಸನೆ ಬಡಿದದ್ದೇ ತಡ, ಕಾಲು ಹಿಂದಕ್ಕೆ ಎಳೆದುಕೊಂಡೆ.

"ಅದು ಮೀನಿನ ಐಸಲ್ವಾ ಅಕ್ಕಾ?"

"ಹೌದು ಭಟ್ರೇ. ಮೊಣಕಾಲಿಗೆ ಎಂತ ಗೊತ್ತಾಗ್ತದೆ?" (ಮಾತು ತುಳುವಿನದು, ಕನ್ನಡ ನನ್ನದು.)

ಎರಡು ನಿಮಿಷವೂ ಕೂರದೆ ಎದ್ದೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ರಿಕ್ಷಾದಲ್ಲಿ ಕಾಪುವಿನ ಮನೆಗೆ ಬಂದು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಸ್ನಾನ! ಹಂಡೆಯ ಸುಡುನೀರು, ಅದರಲ್ಲೂ ಮೊಣಕಾಲಿಗೆ ನಾಲ್ಕು ಚೆಂಬು ಜಾಸ್ತಿ. ಮೈಲಿಗೆಯ ಜೊತೆ ನೋವೂ ಹೋಗಲಿ ಎಂದು. ಅದರ ಮೇಲೆ ಹೆಂಡತಿ ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದಳು. ಸಂಜೆಗೆ ಮೊಣಕಾಲು ಚಕ್ಕೋತದಷ್ಟಾಯಿತು.

ಮರುದಿನ ಮಣಿಪಾಲದಲ್ಲಿ ಡಾಕ್ಟರಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಮೂಳೆ ಸರಿ ಉಂಟು, ಲಿಗಮೆಂಟ್ ಎಳೆದಿದೆ. ಬಿಸಿನೀರು ಹಾಕಲು ಯಾರು ಹೇಳಿದ್ದು ಸರ್? ಮೊದಲ ಎರಡು ಮೂರು ದಿನ ಶಾಖವೂ ಬೇಡ, ತಿಕ್ಕುವುದೂ ಬೇಡ. ರೆಸ್ಟ್ ಮಾಡಿ. ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಐಸ್ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲು ದಿಂಬಿನ ಮೇಲೆ ಇಟ್ಟುಕೊಳ್ಳಿ."

ಕಾಲು ಊರಲಾಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ ಮನೆಮದ್ದು ನಂಬಿ ಕೂರಬಾರದಂತೆ. ಬಾವು ಇಳಿದ ಮೇಲೆ ಫಿಸಿಯೋಥೆರಪಿ.

"ಬಿದ್ದ ಕೂಡಲೇ ಐಸ್ ಇಟ್ಟಿದ್ದರೆ ಇಷ್ಟು ಬಾತುಕೊಳ್ತಿರಲಿಲ್ಲ" ಎಂದರು.

ಒಬ್ಬರು ಇಟ್ಟಿದ್ದರು ಎಂದು ಹೇಳಲು ನನಗೆ ಮುಖವೆಲ್ಲಿದೆ?

ಮೂರು ವಾರ ಕಾಲು ಚಾಚಿ ಕೂತೆ. ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು. ಅವರ ಎದುರೇ ಕಾಲು ಎಳೆದುಕೊಂಡೆನಲ್ಲ, ಅದನ್ನು ಸರಿ ಮಾಡದೆ ನನಗೆ ಸಮಾಧಾನವಿಲ್ಲ. ಮೊನ್ನೆ ಉಚ್ಚಿಲಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ, ಸ್ನಾನದ ಕತೆಯನ್ನೂ ಬಿಡದೆ.

ಗುಲಾಬಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೈದುಬಿಡಿ ಅಕ್ಕಾ."

"ಬೈಲಿಕ್ಕೆ ಎಂತ ಉಂಟು? ಕಾಲು ಸರಿ ಆಯ್ತಲ್ಲ, ಸಾಕು."

"ಐಸೇ ಇಡಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನಾನು ದಿನಾ ಇಡುದಲ್ವಾ ಮಾರಾಯ್ರೆ" ಎಂದು ಬಲ ಮೊಣಕಾಲು ಮುಟ್ಟಿ ತೋರಿಸಿದರು. ಬುಟ್ಟಿ ಹೊತ್ತುಕೊಂಡು ಜಾರಿ ಬಿದ್ದು ನಾಲ್ಕು ವರ್ಷವಾಯಿತಂತೆ. ವ್ಯಾಪಾರ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಉಳಿದ ಐಸೇ ಇವತ್ತಿಗೂ ಮದ್ದು.

"ಡಾಕ್ಟರಿಗೆ ತೋರಿಸಲಿಲ್ವಾ?"

"ಅವರು ರೆಸ್ಟ್ ಮಾಡಿ ಅಂತಾರೆ. ಮತ್ತೆ ಬುಟ್ಟಿ ಯಾರು ಹೊರುದು ಭಟ್ರೇ?"

ಅಷ್ಟರಲ್ಲಿ ಗಿರಾಕಿ ಬಂದರು. ಗುಲಾಬಿಯಕ್ಕ ಪೆಟ್ಟಿಗೆಯ ಅಂಚು ಹಿಡಿದು, ಹಲ್ಲು ಕಚ್ಚಿ ಎದ್ದು, ಕುಂಟುತ್ತಾ ಮುಂದೆ ಬಂದರು. ನಾಲ್ಕು ವರ್ಷದ ನೋವಿಗೆ ಬರೀ ಐಸು ಸಾಕೇ?

"ಸೋಮವಾರ ಮಣಿಪಾಲಕ್ಕೆ ಹೋಗುವ. ನಾನೇ ರಿಕ್ಷಾ ತರ್ತೇನೆ" ಎಂದೆ.

ಗಿರಾಕಿಗೆ ಮೀನು ಕೊಡುತ್ತಲೇ ಅವರು ಹೇಳಿದರು: "ಸೋಮವಾರ ಆದೀತು. ಮೀನು ತಿನ್ನುವವರು ಕಡಿಮೆ."

ಹದಿನಾಲ್ಕು ವರ್ಷ ದಿನಕ್ಕೆರಡು ಸಲ ಅವರ ಎದುರಿನಿಂದಲೇ ಹೋಗಿ ಬಂದವ ನಾನು. ಅವರು ಕುಂಟುವುದು ಕಣ್ಣಿಗೆ ಬೀಳಲು ನಾನೇ ಬೀಳಬೇಕಾಯಿತೇ?