ಏಳು ಕುಳಿ, ಆರು ಸದ್ದು

ನನಗೆ ಈಗಲೂ ಎರಡು ಕಿವಿಯೂ ನೆಟ್ಟಗೆ ಕೇಳುತ್ತವೆ. ತೊಂಬತ್ತರ ದಶಕದಲ್ಲಿ ಗಡಿಯಾಚೆಯ ತೊಪ್ಪೂರಿನ ಸುತ್ತಮುತ್ತ ಬಂಡೆ ಒಡೆದು ಬಾವಿ ತೋಡಿದವರಲ್ಲಿ ಹೀಗೆ ಎದೆ ತಟ್ಟಿ ಹೇಳುವವರು ಎಷ್ಟು ಜನ ಸಿಗುತ್ತಾರೆ, ಹುಡುಕಿ ನೋಡಿ! ನನ್ನದು ಡ್ರಿಲ್ ಕೆಲಸ. ಮೇಲೆ ಟ್ರ್ಯಾಕ್ಟರ್ ಕಂಪ್ರೆಸರ್ ಅರಚುತ್ತಿದ್ದರೆ, ಕೆಳಗೆ ಬಾವಿಯ ತಳದಲ್ಲಿ ನಿಂತು ಸಿಡಿಮದ್ದು ತುಂಬುವುದಕ್ಕೆ ಕುಳಿ ಕೊರೆಯಬೇಕು. ಸುತ್ತಲೂ ಕಲ್ಲು. ಅಷ್ಟೂ ಸದ್ದು ನಮ್ಮ ತಲೆಗೇ.

ಮಗಳು ಹುಟ್ಟಿದ ತಿಂಗಳು, ಒಂದು ಸಂಜೆ ಕೆಲಸದಿಂದ ಬಂದು ಮಗುವಿನ ಪಕ್ಕದಲ್ಲೇ ಕೂತಿದ್ದೆ. ಅದು ಕಿರುಚಿ ಅಳುತ್ತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಕಿವಿಯೊಳಗೆ ಬರೀ ಗುಂಯ್ ಅನ್ನುತ್ತಿತ್ತು. ಹೆಂಡತಿ ಎದ್ದು ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ನಮ್ಮಪ್ಪನಂಗೇ ಆಯ್ತೀಯಾ ನೀನೂವೆ? ಮಗು ಅಳಾದು ಕೇಳಾಕಿಲ್ವಾ?"

ಅವಳಪ್ಪ, ಅಂದರೆ ನನ್ನ ಮಾವ, ನಮ್ಮ ಗುಂಪಿನ ಮೇಸ್ತ್ರಿ. ಇಪ್ಪತ್ತು ವರ್ಷ ಮದ್ದಿನ ಜೊತೆ ಬದುಕಿದವರು. ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ. ಆದರೆ ಕಿವಿ ಮಂದ ಅಂತ ಯಾರಾದರೂ ಬಾಯಿ ಬಿಟ್ಟರೆ ಮೈಮೇಲೇ ಬೀಳುತ್ತಿದ್ದರು.

ಮರುದಿನ ಹೆಂಡತಿ ಹತ್ತಿಯನ್ನು ಹೊಸೆದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಬಾಣಂತಿಯೆಂದು ತಾನು ಇಟ್ಟುಕೊಂಡಿದ್ದ ಹಾಗೆಯೇ ನನ್ನ ಕಿವಿಗೂ ಒತ್ತಿ ಇಟ್ಟಳು. ಮೇಲೊಂದು ಟವಲು ಬಿಗಿದಳು. ಬಾವಿಯ ಹತ್ತಿರ ಜೊತೆಯವರದು ನಗುವೋ ನಗು.

"ಏನಮ್ಮ ಬಾಣಂತಿ, ಎಣ್ಣೆ ನೀರು ಆಯ್ತಾ?"

"ಆಯ್ತು ಕಣ್ರಲಾ, ತೊಟ್ಲು ತೂಗಾಕೆ ಬರ್ರಿ" ಅಂದೆ. ಒಳಗೆ ಉರಿದುಹೋಗುತ್ತಿತ್ತು. ಆದರೂ ಹತ್ತಿ ಬಿಡಲಿಲ್ಲ. ಮೂರು ವರ್ಷ ಬಿಡಲಿಲ್ಲ.

ಆಮೇಲೆ ಅದಿಯಮಾನ್‌ಕೋಟೆಯ ಕಡೆ ಬೆಟ್ಟದ ಮಗ್ಗುಲಿನ ಒಂದು ಕಡಲೆಕಾಯಿ ಹೊಲದಲ್ಲಿ ಬಾವಿ ಕೆಲಸ ಸಿಕ್ಕಿತು. ನಮ್ಮಲ್ಲಿ ಒಂದು ಕಟ್ಟು ಇತ್ತು: ಎಷ್ಟು ಕುಳಿಗೆ ಬೆಂಕಿ ಇಟ್ಟಿದ್ದೇವೋ ಅಷ್ಟು ಸದ್ದು ಕೇಳಬೇಕು. ಒಂದು ಕಮ್ಮಿ ಆದರೂ ಕಲ್ಲಿನಡಿ ಜೀವಂತ ಮದ್ದು ಉಳಿದಿದೆ ಅಂತ ಅರ್ಥ; ಆವತ್ತು ಯಾರೂ ಇಳಿಯುವ ಹಾಗಿಲ್ಲ. ಎಣಿಸುವುದು ಮೇಸ್ತ್ರಿಯ ಹಕ್ಕು.

ಆ ಮಧ್ಯಾಹ್ನ ಏಳು ಕುಳಿ. ಬೆಂಕಿ ಇಟ್ಟು, ಓಡಿಹೋಗಿ ಮಣ್ಣಿನ ದಿಬ್ಬದ ಹಿಂದೆ ಕೂತೆವು. ಡ್ರಿಲ್ ನಿಂತಿದ್ದರಿಂದ ನಾನು ಹತ್ತಿ ತೆಗೆದಿದ್ದೆ. ಮಾವ ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಚಿದರು. ಏಳು ಬೆರಳು ಆಯಿತು. ಹೊಗೆ ಆರುವವರೆಗೆ ಕಾದು, ಮಗನಿಗೆ "ಇಳಿ" ಅಂದರು. ಮಗ ಅಂದರೆ ನನ್ನ ಭಾಮೈದ. ಹಾರೆ ಹಾಕಿ ಕಲ್ಲು ಕೀಳುವುದಕ್ಕೆ ಯಾವತ್ತೂ ಅವನೇ ಮೊದಲು.

ನಾನು ಎಣಿಸಿದ್ದು ಆರೇ.

ಎದ್ದುಹೋಗಿ ಮೆಟ್ಟಿಲಿಗೆ ಅಡ್ಡ ಕೂತೆ. "ಇಳೀಬ್ಯಾಡ ಕಣ್ಲಾ. ಒಂದು ಒಳ್ಗೇ ಐತೆ."

"ಏನ್ ಮಾಪ್ಳೆ, ನಂಗೇ ಲೆಕ್ಕ ಏಳ್ಕೊಡ್ತೀಯಾ?" ಮಾವನ ಮುಖ ಕೆಂಪಾಯಿತು. ಮಾಪ್ಳೆ, ಅಂದರೆ ಅಳಿಯ, ಅನ್ನುವ ಮರ್ಯಾದೆಯೂ ಹೋಯಿತು. "ಏಳ್ಲಾ ಮ್ಯಾಲೆ!"

"ಕಡೇದು ಬೆಟ್ಟದಿಂದ ವಾಪಸ್ ಬಂದ ಸದ್ದು ಮಾವ. ನಿಮ್ಗೆ ಎಲ್ಡೂ ಒಂದೇ ತರ ಕೇಳ್ತೈತೆ."

ಹೆಣ್ಣು ಕೊಟ್ಟ ಮಾವನಿಗೆ ಹತ್ತು ಜನರ ಎದುರಿಗೆ ಕಿವುಡು ಅಂದ ಹಾಗೆಯೇ ಆಯಿತಲ್ಲ! ಆದರೂ ಏಳಲಿಲ್ಲ. "ನನ್ನೇ ತುಳ್ಕೊಂಡು ಓಗಲಿ ಬೇಕಾದ್ರೆ" ಅಂದೆ. ಭಾಮೈದ ಹಾರೆ ಕೆಳಗಿಟ್ಟ. ಮಾವ ಟವಲು ಕೊಡವಿಕೊಂಡು ಬಸ್ಸಿಗೆ ನಡೆದರು.

ಮರುದಿನ ಬೆಳಿಗ್ಗೆ ಅವರು ಒಬ್ಬರೇ ಇಳಿದರು. ಹಾರೆ ಮುಟ್ಟದೆ ಬರಿಗೈಯಲ್ಲಿ ಒಂದೊಂದೇ ಕಲ್ಲು ಎತ್ತಿಟ್ಟರು. ನಾವು ದೂರದಲ್ಲಿ ಉಸಿರು ಹಿಡಿದು ನಿಂತಿದ್ದೆವು. ತುಂಬ ಹೊತ್ತಾದ ಮೇಲೆ ಹತ್ತಿ ಬಂದರು. ಮೂಲೆಯ ಕುಳಿಯಲ್ಲಿ ಮದ್ದು ಹಾಗೇ ಇತ್ತಂತೆ. ಹಾರೆ ಬೀಳುವ ಜಾಗವೇ ಅದು. ಮಗನನ್ನು ಕರೆದು, ಚಿಕ್ಕ ಮಗುವಿಗೆ ಮಾಡುವ ಹಾಗೆ ಅವನ ತಲೆ, ಮುಖ, ಭುಜ ಎಲ್ಲ ಸವರಿದರು.

ಮತ್ತೆ ಇಳಿದು, ಅದಕ್ಕೆ ಹೊಸ ಬತ್ತಿ ಕೂರಿಸಿ ಬೆಂಕಿ ಇಟ್ಟು ಬಂದರು. ಎಲ್ಲರೂ ದಿಬ್ಬದ ಹಿಂದೆ ಕೂತೆವು. ಸದ್ದಾಯಿತು. ಮಾವ ಬೆರಳು ಮಡಚಲಿಲ್ಲ. ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

"ಓಯ್ತಾ ಮಾಪ್ಳೆ? ಇವನ್ನ ಇಳಿಸ್ಲಾ?"

"ಓಯ್ತು ಮಾವ" ಅಂದೆ. "ಇಳೀಲಿ."