ಹಿಮಕ್ಕೆ ಎರಡೇಟು

ಶನಿವಾರ ನನ್ನದು. ಮೊಮ್ಮಗಳು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಮಗಳೂ ಅಳಿಯನೂ ವಾರವೆಲ್ಲ ಆಫೀಸು, ಟ್ರೈನು, ಮೀಟಿಂಗು ಎಂದು ಹೈರಾಣಾಗಿ, ಶನಿವಾರ ಬೆಳಿಗ್ಗೆ ಮಗುವನ್ನು ನ್ಯೂಜೆರ್ಸಿಯ ಸಮರ್‌ಸೆಟ್‌ನಿಂದ ವೆಸ್ಟ್ ವಿಂಡ್ಸರ್‌ಗೆ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಸಂಜೆಯವರೆಗೆ ಅವಳೂ ನಾನೂ. ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಸಾರನ್ನಕ್ಕೆ ತುಪ್ಪ ಹಾಕಿ ತಿನ್ನಿಸುವುದು, ಮಧ್ಯಾಹ್ನ ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳುವುದು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕೊಡಲಿ, ಕಿವಿಗಾದರೂ ಬೀಳುತ್ತಲ್ಲ ಎಂದು ನಾನು ಬಾಯಿ ಮುಚ್ಚುವುದೇ ಇಲ್ಲ.

ಅವಳಿಗೆ ನಾಲ್ಕು ತುಂಬಿದ ಚಳಿಗಾಲದಲ್ಲಿ ಆಸ್ಟ್ರಿಯಾದಿಂದ ಬೀಗಿತ್ತಿ ಬಂದರು, ಅಂದರೆ ನಮ್ಮ ಅಳಿಯನ ತಾಯಿ. ಹಿಮದ ಪರ್ವತಗಳ ನಡುವಿನ ಒಂದು ಕಣಿವೆ ಅವರ ಊರು. ಯೂರೋಪಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಬರುತ್ತಾರೆ. ಬೀಗಿತ್ತಿ ಅಲ್ಲಿನ ಸ್ಕೀ ಶಾಲೆಯಲ್ಲಿ ಜೀವಮಾನವಿಡೀ ಪಾಠ ಹೇಳಿದವರು. ಮಗುವಿಗೆ ನಾಲ್ಕಾದರೂ ಸ್ಕೀ ಬರುವುದಿಲ್ಲ ಎಂದು ತಿಳಿದಾಗ ಅವರು ಮಗನ ಮುಖವನ್ನು ನೋಡಿದರಂತೆ. ಅಷ್ಟು ಸಾಕಾಯಿತು. ನ್ಯೂಜೆರ್ಸಿಯ ಉತ್ತರಕ್ಕೆ ಒಂದು ಸಣ್ಣ ಸ್ಕೀ ಗುಡ್ಡವಿದೆ, ಪ್ರತಿ ಶನಿವಾರ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಯಿತು.

ನನ್ನ ಶನಿವಾರ! ನನ್ನನ್ನು ಒಂದು ಮಾತು ಕೇಳಲಿಲ್ಲ. ಮೈಯೆಲ್ಲ ಉರಿದುಹೋಯಿತು. ಆದರೂ ಬೀಗರ ಮುಂದೆ ಜಗಳವಾಡುವಷ್ಟು ಕೆಟ್ಟವಳಲ್ಲ ನಾನು. "ನಾನೂ ಬರ್ತೀನಿ" ಎಂದೆ, ಅಷ್ಟೆ.

"ಅಮ್ಮಾ, ನಿಂಗೆ ಸ್ಕೀ ಬರಲ್ಲ, ಚಳಿ ಆಗಿಬರಲ್ಲ. ಅಲ್ಲಿ ಬಂದು ಏನ್ ಮಾಡ್ತೀಯಾ?" ಎಂದಳು ಮಗಳು.

"ನೋಡ್ಕೊಂಡ್ ನಿಂತಿರ್ತೀನಿ. ನೋಡೋದಕ್ಕೂ ಟಿಕೆಟ್ ಇದೆಯಾ?"

ಹೀಗೆ ನಾನು, ನನ್ನ ಹಿಂದೆ ಕಾಫಿ ಫ್ಲಾಸ್ಕ್ ಹಿಡಿದುಕೊಂಡು ನಮ್ಮ ಯಜಮಾನರು, ಇಬ್ಬರೂ ಹೊರಟೆವು. ಅವರು ಗುಡ್ಡದ ಬುಡದ ಲಾಡ್ಜ್‌ನಲ್ಲಿ ಹೀಟರ್ ಪಕ್ಕದ ಕುರ್ಚಿ ಹಿಡಿದು ಫೋನ್ ತೆಗೆದರು. ನಾನು ಹೊರಗೆ ಬೇಲಿಯ ಹತ್ತಿರ ನಿಂತೆ.

ಅದು ಕಲಿಯುವವರ ಇಳಿಜಾರು, ನಮ್ಮ ಮನೆಯ ಡ್ರೈವ್‌ವೇಗಿಂತ ಸ್ವಲ್ಪ ಹೆಚ್ಚು ಓರೆ ಇದ್ದೀತು. ಮೊಮ್ಮಗಳು ಪುಟ್ಟ ಹೆಲ್ಮೆಟ್ಟು, ಪುಟ್ಟ ಸ್ಕೀ ಹಾಕಿಕೊಂಡು ನಾಲ್ಕು ಮಾರು ಜಾರಿದಳು, ದಬಕ್ಕೆಂದು ಬಿದ್ದಳು. ಬೀಗಿತ್ತಿ ಪಕ್ಕದಲ್ಲೇ ಇದ್ದರು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತರು. ಮಗು ಬಿದ್ದಿದೆ, ಇವರು ಗಡಿಯಾರ ನೋಡುವವರ ಹಾಗೆ ನಿಂತಿದ್ದಾರೆ! ನನಗೆ ತಡೆಯಲಾಗಲಿಲ್ಲ. ಬೇಲಿಯ ಕೆಳಗೆ ನುಸುಳಿ, ಮಂಜಿನಲ್ಲಿ ದಡಬಡ ಓಡಿ, ಮಗುವನ್ನು ಎತ್ತಿ ಎದೆಗವಚಿಕೊಂಡೆ. ಆಮೇಲೆ ಬಗ್ಗಿ ಅಂಗೈಯಿಂದ ಆ ಹಿಮಕ್ಕೆ ಫಟ್ ಫಟ್ ಎಂದು ಬಾರಿಸಿದೆ.

"ನಮ್ಮ ಪುಟ್ಟೀನ ಬೀಳಿಸ್ತೀಯಾ? ಕಳ್ಳಾ! ತಗೋ! ಇನ್ನೊಂದ್ಸಲ ಬೀಳಿಸ್ತೀಯಾ?"

ನಮ್ಮಲ್ಲಿ ಮಗು ಬಿದ್ದರೆ ಇನ್ನೇನು ಮಾಡುತ್ತಾರೆ? ನಮ್ಮಮ್ಮ ನನಗೆ ಮಾಡಿದ್ದು, ನಾನು ಮಗಳಿಗೆ ಮಾಡಿದ್ದು. ನೆಲಕ್ಕೆ ಎರಡು ಬಿದ್ದರೆ ಮಗುವಿನ ಅಳು ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಒಂದು ತೊಂದರೆಯಾಯಿತು. ಅವಳು ಅಳುತ್ತಲೇ ಇರಲಿಲ್ಲ. ನಾನು ಎತ್ತಿಕೊಂಡ ಮೇಲೆ ಶುರುಮಾಡಿದಳು. ಮುಂದಿನ ಸಲ ಬಿದ್ದವಳು ಏಳುವ ಪ್ರಯತ್ನವನ್ನೇ ಬಿಟ್ಟು, ಮಲಗಿದಲ್ಲಿಂದಲೇ ನನ್ನ ಕಡೆ ಕೈಚಾಚಿ "ಅಜ್ಜೀ, ಹಿಟ್ ಇಟ್!" ಎಂದಳು. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಮ್ಮಾ, ಅವರು ಇದಕ್ಕೋಸ್ಕರ ಅಷ್ಟು ದೂರದಿಂದ ಬಂದಿದಾರೆ. ನೀನು ಇನ್ನೊಂದ್ಸಲ ಓಡಿಬಂದು ಎತ್ತಿದ್ರೆ, ಮುಂದಿನ ಶನಿವಾರದಿಂದ ಮನೇಲೇ ಇರು. ಐ ಆಮ್ ಸೀರಿಯಸ್."

ನಾನೇ ಹೆತ್ತ ಮಗಳು. ನನ್ನ ಶನಿವಾರ ಆಗಲೇ ಅರ್ಧ ಗುಡ್ಡದ ಪಾಲಾಗಿತ್ತು, ಉಳಿದರ್ಧವೂ ಹೋದರೆ ಮಗುವಿಗೂ ನನಗೂ ಏನುಳಿಯುತ್ತದೆ? ಮುಂದಿನ ಕ್ರಿಸ್‌ಮಸ್ ರಜಕ್ಕೆ ಹೇಗೂ ಆ ಕಣಿವೆಗೇ ಹೋಗುತ್ತಾರೆ. ಮೊಮ್ಮಗಳು ಆಗಲೇ ಊಟದ ತಟ್ಟೆ ಮುಂದಿಟ್ಟುಕೊಂಡು ಬೀಗಿತ್ತಿಯ ಭಾಷೆಯಲ್ಲಿ ಒಂದೊಂದು ಮಾತು ಆಡುತ್ತಿದ್ದಳು. ಅಜ್ಜಿ ಎನ್ನುವುದೊಂದು ಬಿಟ್ಟರೆ ನನ್ನ ಭಾಷೆಯಲ್ಲಿ ಒಂದೂ ಇಲ್ಲ. "ಆಯ್ತು ಬಿಡಮ್ಮಾ, ಬರಲ್ಲ ನಿಮ್ಮ ಪರ್ವತದ ತಂಟೆಗೆ" ಎಂದು ಸರಸರ ಲಾಡ್ಜ್‌ಗೆ ನಡೆದೆ.

"ಏನೇ, ಮೈದಾನದಿಂದ ಆಚೆ ಹಾಕಿದ್ರಾ?" ಎಂದರು ಯಜಮಾನರು, ಫೋನಿನಿಂದ ತಲೆ ಎತ್ತದೆ.

"ನೀವು ಸುಮ್ನಿರ್ರೀ."

ಬೀಗಿತ್ತಿ ಒಳಗೆ ಬಂದು ನನ್ನ ಎದುರಿಗೇ ಕೂತರು. ನಾನು ಪುಳಿಯೋಗರೆ ಡಬ್ಬಿ ತೆಗೆದೆ, ಅವರು ಕಾಗದದಲ್ಲಿ ಸುತ್ತಿದ ಬ್ರೆಡ್ಡು ಚೀಸು ತೆಗೆದರು. ಅವರದು ಯೋಚಿಸಿ ಯೋಚಿಸಿ ಆಡುವ ಇಂಗ್ಲಿಷು, ನನ್ನದು ಮೈಸೂರಿನಲ್ಲಿ ಕಲಿತು ಜೆರ್ಸಿಯಲ್ಲಿ ಉಜ್ಜಿದ ಇಂಗ್ಲಿಷು.

"ಜನ ಬಿದ್ದ ತಕ್ಷಣ ಏನು ಹೇಳುತ್ತಾರೋ ಕೇಳಬೇಕು" ಎಂದರು ಅವರು, ಕಿಟಕಿಯಾಚೆ ನೋಡುತ್ತಾ. "ಪಾಸ್‌ಪೋರ್ಟ್ ನೋಡುವುದೇ ಬೇಡ. ಇಂಗ್ಲಿಷರು 'ಸಾರಿ' ಎನ್ನುತ್ತಾರೆ, ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ. ಜರ್ಮನರು ಎದ್ದು ಮೊದಲು ಸ್ಕೀಯ ಕ್ಲಿಪ್ಪು ನೋಡುತ್ತಾರೆ, ತಪ್ಪು ಸಾಮಾನಿನದು. ಫ್ರೆಂಚರಿಗೆ ಇವತ್ತಿನ ಹಿಮ ಸರಿಯಿಲ್ಲ. ಇಟಲಿಯವರು ಜೊತೆಯವರನ್ನೆಲ್ಲ ಕೂಗಿ ಕರೆದು, ಹೇಗೆ ಬಿದ್ದೆ ಎಂದು ಇನ್ನೊಮ್ಮೆ ಬಿದ್ದು ತೋರಿಸುತ್ತಾರೆ. ಡಚ್ಚರು ಮಲಗಿದಲ್ಲೇ ನಗುತ್ತಿರುತ್ತಾರೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಜೋರಾಗಿ ನಕ್ಕುಬಿಟ್ಟೆ. ಇಬ್ಬರೂ ಸೇರಿ ಕಿಟಕಿಯಿಂದ ನಮ್ಮ ಗುಡ್ಡದ ಜನವನ್ನು ನೋಡತೊಡಗಿದೆವು. ಅಮೆರಿಕದವನೊಬ್ಬ ಬಿದ್ದ, ಯಾರೂ ಕೇಳುವ ಮೊದಲೇ ಕೈ ಎತ್ತಿ 'ಐ ಆಮ್ ಗುಡ್!' ಎಂದು ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದ. ಕೊರಿಯಾದ ಹುಡುಗಿಯೊಬ್ಬಳು ಬಿದ್ದಾಗ ಜೊತೆಗಾರ ಮೊದಲು ಫೋಟೋ ತೆಗೆದು ಆಮೇಲೆ ಕೈ ಕೊಟ್ಟ. ನಮ್ಮ ದೇಶದ ಅಂಕಲ್ ಒಬ್ಬರು ಕೂತುಬಿಟ್ಟರು, ತಗೋ, ಇಡೀ ಸಂಸಾರ ಸುತ್ತ ನೆರೆಯಿತು. ಒಬ್ಬರು ಕಾಲು ಮಡಿಚು ಎನ್ನುತ್ತಾರೆ, ಇನ್ನೊಬ್ಬರು ಬೇಡ ಚಾಚು ಎನ್ನುತ್ತಾರೆ, ಆಂಟಿ ಜೇಬಿನಿಂದ ಚಕ್ಕುಲಿ ತೆಗೆದು ಬಾಯಿಗಿಟ್ಟರು. ಬೀಗಿತ್ತಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ನಿಮ್ಮ ಊರಿನವರು ಬಿದ್ದರೆ?" ಎಂದು ಕೇಳಿದೆ.

"ಏನೂ ಹೇಳುವುದಿಲ್ಲ. ಏಳುತ್ತೇವೆ." ನನ್ನ ಕಡೆ ತಿರುಗಿ ಕೇಳಿದರು, "ನೀವು ಬೆಳಿಗ್ಗೆ ಹಿಮಕ್ಕೆ ಏನು ಹೇಳಿದಿರಿ?"

ನನಗೆ ಸಂಕೋಚವಾಯಿತು. ಆದರೂ ಹೇಳಿದೆ. ಮಗುವನ್ನು ಬೀಳಿಸಿದ್ದಕ್ಕೆ ನೆಲಕ್ಕೆ ಏಟು ಕೊಡುತ್ತೇವೆ, 'ನಮ್ಮ ಪುಟ್ಟಿಯನ್ನು ಬೀಳಿಸ್ತೀಯಾ, ತಗೋ' ಎಂದು ಗದರುತ್ತೇವೆ, ಇದು ನಮ್ಮ ಕಡೆಯ ಪದ್ಧತಿ ಎಂದು.

ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಬ್ರೆಡ್ಡಿನ ಚೂರನ್ನು ಕಾಗದದ ಮೇಲಿಟ್ಟರು. "ನಮ್ಮ ಕಣಿವೆಯಲ್ಲಿ ಪರ್ವತವನ್ನು ಯಾರೂ ಬೈಯುವುದಿಲ್ಲ" ಎಂದರು. "ನನ್ನ ಗಂಡ ಅಲ್ಲೇ ಹುಟ್ಟಿ ಬೆಳೆದವರು. ಹಿಮ ಸರಿಯಿಲ್ಲದ ದಿನ ಮೇಲೆ ಹೋದರು. ಅದು ಕುಸಿದು ಬಂತು. ತಪ್ಪು ಅವರದು, ಅವರಿಗೆ ಗೊತ್ತಿತ್ತು. ಪರ್ವತ ಏನೂ ಮಾಡಲಿಲ್ಲ."

ಬೀಗರು ಹಿಮಕುಸಿತದಲ್ಲಿ ಹೋದದ್ದು ನನಗೆ ಗೊತ್ತಿದ್ದ ಸಂಗತಿಯೇ. ಮದುವೆಯಲ್ಲಿ ನೋಡಿದ್ದೆ, ಪಂಚೆ ಉಟ್ಟು, ಅದು ಜಾರದಂತೆ ಮೇಲೆ ಬೆಲ್ಟ್ ಕಟ್ಟಿ, ಹೋಳಿಗೆಯನ್ನು ಮತ್ತೆ ಮತ್ತೆ ಬಡಿಸಿಕೊಂಡ ಮನುಷ್ಯ. ಅವರ ಸಾವಿನ ದಿನ ಅಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ, ಬಂದವರಿಗೆಲ್ಲ ಸೂಪು ಬಡಿಸಿದರು ಎಂದು ಅಳಿಯ ಒಮ್ಮೆ ಹೇಳಿದ್ದ. ನಮ್ಮಲ್ಲಾಗಿದ್ದರೆ ಆ ಪರ್ವತಕ್ಕೆ ಹಿಡಿಹಿಡಿ ಮಣ್ಣು ತೂರಿ ಶಾಪ ಹಾಕುತ್ತಿದ್ದೆವು, ದೇವರನ್ನೂ ಬಿಡುತ್ತಿರಲಿಲ್ಲ. ಪುಳಿಯೋಗರೆ ಡಬ್ಬಿಯನ್ನು ಅವರ ಕಡೆ ತಳ್ಳಿದೆ. ಅವರು ಒಂದು ಚಮಚ ತಿಂದರು, ಖಾರವಾಯಿತು, ಆದರೂ ಇನ್ನೊಂದು ಚಮಚ ತಿಂದರು.

ಅಲ್ಲಿಂದ ಮುಂದಿನ ಶನಿವಾರಗಳಲ್ಲಿ ನಾನು ಮಾತು ಉಳಿಸಿಕೊಂಡೆ. ಬೇಲಿಯ ಹತ್ತಿರ ನಿಂತು, ಬೀಗಿತ್ತಿಯ ಹಾಗೇ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿದೆ. ಅವರಿಗೆ ಅದು ಅಭ್ಯಾಸ. ನಾನಂತೂ ಒಂದು ಕೈಯಿಂದ ಇನ್ನೊಂದನ್ನು ಹಿಡಿದು ಎಳೆದಿಟ್ಟುಕೊಳ್ಳಬೇಕಾಗಿತ್ತು. ಕಾಫಿ ತಂದುಕೊಟ್ಟ ಯಜಮಾನರು "ಏನೇ, ಪೆರೇಡಿಗೆ ನಿಂತಿದ್ದೀಯಾ?" ಎಂದು ಕೆಣಕಿ ಹೋದರು. ಮಗು ಬೀಳುತ್ತಿತ್ತು, ಕೈಯೂರಿ ಮಂಡಿಯೂರಿ ತಾನೇ ಏಳುತ್ತಿತ್ತು. ಮೊದಮೊದಲು ನನ್ನ ಕಡೆ ನೋಡುತ್ತಿತ್ತು. ಆಮೇಲಾಮೇಲೆ ಅದೂ ನಿಂತಿತು. ಬಿದ್ದಳು, ಏನೂ ಹೇಳಲಿಲ್ಲ, ಎದ್ದಳು, ಹೋದಳು. ಅಪ್ಪಟ ಕಣಿವೆಯ ಹುಡುಗಿ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಇಷ್ಟು ಬೇಗ ನನ್ನ ಅಗತ್ಯ ಮುಗಿದುಹೋಯಿತೇ ಎಂದು ಅಳು ಬಂತು. ಚಳಿಗೆ ಮೂಗು ಸೋರುತ್ತಿದೆ ಎಂದು ಎಲ್ಲರಿಗೂ ಹೇಳಿ ಒರೆಸಿಕೊಂಡೆ.

ಬೀಗಿತ್ತಿ ಊರಿಗೆ ಹೊರಡುವ ಮುಂಚಿನ ಕೊನೆಯ ಶನಿವಾರ. ಹಿಂದಿನ ದಿನ ಮಳೆ ಬಂದು ಮೇಲೆ ಹೆಪ್ಪುಗಟ್ಟಿತ್ತು, ಗುಡ್ಡವೆಲ್ಲ ಗಾಜು. ಬೀಗಿತ್ತಿ ಇಳಿಜಾರಿನ ಬುಡದಲ್ಲಿ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಮೇಲಿನಿಂದ ಒಬ್ಬಳೇ ಇಳಿದು ಬರುವ ಮೊಮ್ಮಗಳಿಗೆ ಕೈಬೀಸುತ್ತಿದ್ದರು. ಹಾಗೆ ಕೈಬೀಸುತ್ತಾ ಸ್ವಲ್ಪ ತಿರುಗಿದರು ನೋಡಿ, ಕಾಲಡಿಯ ಸ್ಕೀ ಸರ್ರೆಂದು ಜಾರಿತು. ದೊಪ್ಪನೆ ಕೂತುಬಿಟ್ಟರು. ಯೂರೋಪನ್ನೆಲ್ಲ ಬೀಳದಂತೆ ನಿಲ್ಲಿಸಿದ ಹೆಂಗಸು, ನಿಂತಲ್ಲೇ ಬಿದ್ದಿದ್ದರು.

ಅವರು ಏನೂ ಹೇಳಲಿಲ್ಲ. ಆದರೆ ಏಳಲೂ ಇಲ್ಲ. ಎರಡು ಸ್ಕೀ ಕೋಲುಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಪೆಟ್ಟಾಗಿದೆಯೇ ಎಂದು ಕೂಗಿದೆ, ಇಲ್ಲವೆಂದು ತಲೆಯಾಡಿಸಿದರು. ನನ್ನ ಕಾಲು ಮುಂದಕ್ಕೆ ಹೋಯಿತು. ಬೇಲಿಯ ಆ ತುದಿಯಿಂದ ಮಗಳು "ಅಮ್ಮಾ!" ಎಂದಳು. ನಿಂತೆ. ಬೆನ್ನ ಹಿಂದೆ ನನ್ನ ಕೈಯನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ಮಗು ಜಾರಿ ಬಂದು, ಕಾಲಗಲಿಸಿ, ಬೀಗಿತ್ತಿಯ ಪಕ್ಕದಲ್ಲಿ ನಿಂತಿತು. ಕೂತ ಅಜ್ಜಿಯನ್ನು ನೋಡಿತು. ಕೈ ಬೆನ್ನ ಹಿಂದೆ ಹೋಗುತ್ತದೆ ಎಂದು ನಾನು ಕಾದೆ. ಅವಳು ಬಗ್ಗಿದಳು. ದಪ್ಪ ಗ್ಲೌಸಿನ ಪುಟ್ಟ ಕೈ ಎತ್ತಿ ಆ ಗಾಜಿನಂಥ ಹಿಮಕ್ಕೆ ಫಟ್ ಎಂದು ಬಾರಿಸಿದಳು.

"ನಮ್ಮ ಓಮಾನ ಬೀಳಿಸ್ತೀಯಾ? ಕಳ್ಳಾ! ತಗೋ!"

ಓಮಾ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಉಳಿದದ್ದೆಲ್ಲ ನನ್ನದು, ನಮ್ಮಮ್ಮನದು.

ಬೀಗಿತ್ತಿಗೆ ಅದರ ಅರ್ಥ ಗೊತ್ತಿತ್ತು, ನಾನೇ ಹೇಳಿಕೊಟ್ಟಿದ್ದೆ. ಮಗುವಿನ ಮುಖ ನೋಡಿ ಮುಗುಳ್ನಕ್ಕರು. ಒಂದು ಕೈಯ ಗ್ಲೌಸು ತೆಗೆದರು. ಬರಿಗೈಯಿಂದ ಹಿಮವನ್ನು ಮೆಲ್ಲಗೆ, ಮಗುವನ್ನು ಆಡಿಸುವಂತೆ ತಟ್ಟಿದರು. ಮಗು ಕಿಲಕಿಲ ನಕ್ಕಿತು. ಆಮೇಲೆ ಅವರ ಮುಖದಲ್ಲಿದ್ದ ನಗು ಹೋಯಿತು. ಮುಷ್ಟಿ ಕಟ್ಟಿ, ತಲೆಯ ಮೇಲಕ್ಕೆ ಎತ್ತಿ, ಎಷ್ಟು ಜೋರಾಗಿ ಗುದ್ದಿದರೆಂದರೆ ಹೆಪ್ಪುಗಟ್ಟಿದ ಮೇಲ್ಪದರ ಬಿರುಕು ಬಿಟ್ಟಿತು.

ತಲೆ ಎತ್ತಿ ನನ್ನನ್ನು ಹುಡುಕಿದರು. "ಮೊದಲನೆಯದು ನನಗಾಗಿ," ಎಂದರು. "ಎರಡನೆಯದು ನನ್ನ ಗಂಡನಿಗಾಗಿ."

ನಾನು ಓಡಿದೆ. ಯಾರು ಏನಾದರೂ ಅಂದುಕೊಳ್ಳಲಿ, ಶನಿವಾರ ಹೋದರೆ ಹೋಗಲಿ ಎಂದು ಓಡಿ, ಅವರ ಪಕ್ಕದಲ್ಲಿ ಕುಕ್ಕರಿಸಿ, ಕೆಂಪಾಗಿದ್ದ ಆ ಬರಿಗೈಯನ್ನು ನನ್ನೆರಡು ಕೈಯಲ್ಲಿ ಹಿಡಿದೆ. ಅವರು ಅಳುತ್ತಿದ್ದರು, ಸದ್ದಿಲ್ಲದೆ, ಬಾಯಿ ತೆರೆದು. ಎತ್ತಲು ಹೋಗಲಿಲ್ಲ ನಾನು. ಮಗು ಇನ್ನೂ ತಟ್ಟುತ್ತಲೇ ಇತ್ತು. ಹಿಂದೆ ಹೆಜ್ಜೆಯ ಸದ್ದಾಯಿತು, ತಿರುಗಿ ನೋಡಿದೆ. ಬೇಲಿ ದಾಟಿ ಮಗಳು ಬರುತ್ತಿದ್ದಳು. ನನಗೆ ಬೈಯಲಿಲ್ಲ, ಲಾಡ್ಜ್ ಕಡೆ ಕೈ ತೋರಿಸಲಿಲ್ಲ. ನನ್ನ ಪಕ್ಕದಲ್ಲಿ ಹಿಮದ ಮೇಲೆ ಕೂತು, ಕೈಯೆತ್ತಿ, ತಾನೂ ಅದಕ್ಕೆ ಒಂದು ಕೊಟ್ಟಳು.