ದೊಡ್ಡಮ್ಮನ ಮಿದುಳಿಗಾಗಿ ಅಕ್ಕ ತಮ್ಮನ ಕಾಳಗ

ಕುಟ್ಟಕ್ಕ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳೆಂದರೆ ಟೋಪಿ ಇದ್ದವರು ಟೋಪಿ ಹಾಕಿಕೊಳ್ಳುತ್ತಿದ್ದರು, ಇಲ್ಲದವರು ಎದುರಿಗೆ ಸಿಕ್ಕ ಅಂಗಡಿಯೊಳಗೆ ನುಗ್ಗಿ ಬೇಡದ ಸಾಮಾನಿನ ಬೆಲೆ ವಿಚಾರಿಸುತ್ತಿದ್ದರು. ಕೈಗೆಟುಕಿದ ತಲೆಗೆ ನಡುಬೆರಳಿನ ಗೆಣ್ಣಿನಿಂದ ಟಕ್ಕೆಂದು ಒಂದು ಕುಟ್ಟಿ, ಕಿವಿಗೊಟ್ಟು ಕೇಳಿ, ಆಮೇಲಷ್ಟೇ 'ಚೆನ್ನಾಗಿದೀಯಾ' ಎನ್ನುವುದು ಆಕೆಯ ಪದ್ಧತಿ. ಈ ಕುಟ್ಟಿನ ಮಹಿಮೆ ಅಪಾರ. ಯಾರೋ ದೊಡ್ಡ ಅಧಿಕಾರಿ ಭಾಷಣದ ನಡುವೆ ಅದನ್ನು ತಿಂದು ಮಿಕ್ಕ ಭಾಷಣವನ್ನೇ ಮರೆತನಂತೆ, ಸಭಿಕರು ಎದ್ದುನಿಂತು ಆಕೆಗೆ ಚಪ್ಪಾಳೆ ತಟ್ಟಿದರಂತೆ. ಕಿವುಡನೊಬ್ಬನಿಗೆ ಕಿವಿ ಬಂತಂತೆ. ಬಂದ ಕಿವಿಗೆ ಮೊದಲು ಬಿದ್ದದ್ದು ಹೆಂಡತಿಯ ಮಾತಾದ್ದರಿಂದ ಇನ್ನೊಂದು ಸಲ ಕುಟ್ಟಿ ವಾಪಸ್ ಮಾಡಿ ಎಂದು ಬೇಡಿಕೊಂಡನಂತೆ. ಸ್ವಂತ ಅಳಿಯನ ತಲೆಯನ್ನು ಮದುವೆಯ ದಿನವೇ ಕುಟ್ಟಿ, 'ಗೋಡೆ ದಪ್ಪ, ಒಳಗೆ ಜಾಗ ಕಡಿಮೆ' ಎಂದದ್ದು ಮಾತ್ರ ನಿಜ. ಅಳಿಯ ಇಂದಿಗೂ ಅತ್ತೆಯ ಮನೆಗೆ ಹೆಲ್ಮೆಟ್ ಹಾಕಿಕೊಂಡೇ ಬರುತ್ತಾನೆ, ಅದೂ ಬಸ್ಸಿನಲ್ಲಿ.

ತಲೆಬುರುಡೆ ಬಿಚ್ಚುವುದು ಆಕೆಯ ಹೊಟ್ಟೆಪಾಡು. ಮೃಗಾಲಯದ ಎದುರಿಗಿರುವ ಸಂಶೋಧನಾಲಯದಲ್ಲಿ, ಸತ್ತ ಪ್ರಾಣಿಗಳ ತಲೆ ಕೊಯ್ದು ಮಿದುಳನ್ನು ಇಡಿಯಾಗಿ ಹೊರತೆಗೆಯುವ ಕೆಲಸ. ಮೂಳೆ ಎಲ್ಲಿ ತೆಳು, ಎಲ್ಲಿ ದಪ್ಪ ಎಂದು ಕುಟ್ಟಿ ತಿಳಿದುಕೊಂಡು, ಸುತ್ತಲೂ ಬಳೆಯಂತೆ ಗರಗಸ ಆಡಿಸಿ, ಉಳಿಯಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಹೊಡೆದು, ಮಡಕೆಯ ಮುಚ್ಚಳ ಎತ್ತಿದ ಹಾಗೆ ಎತ್ತಬೇಕು. ಹಸಿ ಮಿದುಳು ಆಗತಾನೇ ಹೆಪ್ಪುಗಟ್ಟಿದ ಮೊಸರಿದ್ದಂತೆ. ಕೆಡದಿರಲೆಂದು ಫಾರ್ಮಲಿನ್ ತುಂಬಿದ ಬಕೆಟ್ಟಿಗೆ ಸುಮ್ಮನೆ ಹಾಕಿಬಿಟ್ಟರೆ ತಳದಲ್ಲಿ ಕೂತು, ತನ್ನ ಭಾರಕ್ಕೇ ಚಪ್ಪಟೆಯಾಗಿ, ಹಾಗೇ ಗಟ್ಟಿಯಾಗುತ್ತದೆ. ಆದ್ದರಿಂದ ಬುಡದ ರಕ್ತನಾಳದಡಿ ದಾರ ತೂರಿಸಿ, ಬಕೆಟ್ಟಿಗೆ ಅಡ್ಡವಾಗಿಟ್ಟ ಕಡ್ಡಿಗೆ ತಲೆಕೆಳಗಾಗಿ ನೇತುಹಾಕುತ್ತಾಳೆ. ಆಕೆಯ ಕೋಣೆಯಲ್ಲಿ ಹೀಗೆ ಬಕೆಟ್ಟುಗಳ ಸಾಲೇ ಇತ್ತು: ನಾಯಿ, ಕುರಿ, ಹಂದಿ, ಎತ್ತು. ಯಾರ ಮಿದುಳೆಂದು ಗೊತ್ತಾದರೆ ಅಳೆಯುವವರ ಕೈ ಪಕ್ಷಪಾತ ಮಾಡುತ್ತದೆಂದು ಯಾವುದರ ಮೇಲೂ ಹೆಸರಿಲ್ಲ. ಬರೀ ಬಣ್ಣದ ಗುರುತು. ಈ ಗುರುತಿನ ಮಾತು ನೆನಪಿರಲಿ.

ಇವನ್ನೆಲ್ಲ ಬೇರೆಯವರಿಂದ ಅಳೆಯಿಸಿ, ಗುರುತಿನ ಪಟ್ಟಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದವಳು ಅಲ್ಲಿನ ಸಂಶೋಧಕಿ ಡಾಕ್ಟ್ರಮ್ಮ. ಮಿದುಳು ಲಕ್ಷಾಂತರ ವರ್ಷಗಳಲ್ಲಿ ಹೇಗೆ ಬೆಳೆದು ಈ ಗತಿಗೆ ಬಂತು ಎಂಬುದು ಆಕೆಯ ಪ್ರಶ್ನೆ. ತೊಂದರೆ ಏನೆಂದರೆ, ಪುರಾತನರ ಮಿದುಳು ಎಂದೋ ಕೊಳೆತುಹೋಗಿದೆ. ಉಳಿದಿರುವುದು ಕಲ್ಲಾದ ಬುರುಡೆ. ಅದರ ಪೊಳ್ಳಿನೊಳಗೆ ರಬ್ಬರ್ ಹುಯ್ದು ತೆಗೆದರೆ ಮಿದುಳಿನ ಅಚ್ಚು ಸಿಗುತ್ತದೆ. ಆ ಅಚ್ಚನ್ನು ಎಷ್ಟು ನಂಬಬಹುದು? ಅದಕ್ಕೇ ಈಗಿನ ಪ್ರಾಣಿಗಳ ಮಿದುಳನ್ನೂ ಅದೇ ಪ್ರಾಣಿಯ ಬುರುಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಜೊತೆಗೆ ಇನ್ನೊಂದು ಅನುಮಾನ: ಗುಂಪಿನಲ್ಲಿ ಬಾಳುವ ಪ್ರಾಣಿ ಯಾರು ಯಾರ ಮಗಳು, ಯಾರಿಗೆ ತಲೆಬಾಗಬೇಕು, ಯಾರನ್ನು ಕಚ್ಚಿದರೆ ಯಾರು ಬಂದು ವಾಪಸ್ ಕಚ್ಚುತ್ತಾರೆ ಎಂದೆಲ್ಲ ಲೆಕ್ಕ ಇಡಬೇಕಲ್ಲ, ಅದರಿಂದಲೇ ಮಿದುಳಿನ ಮುಂಭಾಗ ಉಬ್ಬಿತೇ? ಒಂಟಿಯಾಗಿ ಬಾಳುವ ಪಟ್ಟೆ ಕತ್ತೆಕಿರುಬದ ಮಿದುಳು ಆಕೆಯ ಬಳಿ ಇತ್ತು. ಗುಂಪಿನಲ್ಲಿ ಆಳಿದ ಮಚ್ಚೆ ಕತ್ತೆಕಿರುಬದ್ದು ಬೇಕಾಗಿತ್ತು. ಅದೊಂದಕ್ಕಾಗಿ ವರ್ಷಗಟ್ಟಲೆ ಬಾಯಿಬಿಟ್ಟುಕೊಂಡು ಕಾದಿದ್ದಳು.

ಅಂಥದೊಂದು ರಸ್ತೆಯಾಚೆ ಮೃಗಾಲಯದಲ್ಲಿತ್ತು. ಹೆಣ್ಣು, ಮುದುಕಿ, ತನ್ನ ಗುಂಪಿನ ಮಹಾರಾಣಿ. ಹೆಸರು ದೊಡ್ಡಮ್ಮ. ಅದನ್ನು ಸಾಕಿದವನು ಕುಟ್ಟಕ್ಕನ ಒಡಹುಟ್ಟಿದ ತಮ್ಮ. ಅವನನ್ನು ಎಲ್ಲರೂ ಮೂರ್ಬೆರಳ ಎನ್ನುತ್ತಿದ್ದರು. ಬಲಗೈಯ ಮಿಕ್ಕ ಬೆರಳುಗಳು ದೊಡ್ಡಮ್ಮನ ಹೊಟ್ಟೆ ಸೇರಿದ್ದವು. ಅವನಿಗೆ ಆ ಬಗ್ಗೆ ಬೇಸರವಿರಲಿಲ್ಲ. ಅವಳು ತಿಂದದ್ದು ತನ್ನ ಬೆರಳೇ ಹೊರತು ಬೇರೆಯವರದಲ್ಲವಲ್ಲ ಎಂದು ಹೆಮ್ಮೆಪಡುತ್ತಿದ್ದ. ಹೆಂಡತಿಯೊಂದಿಗೆ ಮುನಿಸಾದಾಗಲೆಲ್ಲ ಬೋನಿನ ಮುಂದೆ ಹೋಗಿ ಕೂರುತ್ತಿದ್ದ. 'ಅವಳಾದ್ರೆ ಒಂದೇ ಸಲ ಕಚ್ತಾಳೆ' ಎನ್ನುತ್ತಿದ್ದ. ದೊಡ್ಡಮ್ಮನ ತಲೆಗೆ ಗರಗಸ ಇಟ್ಟವರು ನನ್ನ ಪಾಲಿಗೆ ಸತ್ತ ಹಾಗೆ ಎಂದು ಅಕ್ಕನ ಮನೆಯಲ್ಲೇ, ಅಕ್ಕ ಬಡಿಸಿದ ಊಟ ಮಾಡುತ್ತಲೇ ಹೇಳಿದ್ದ. ಅಕ್ಕ ಇನ್ನೊಂದು ಸೌಟು ಹಾಕಿದಳು.

ಒಂದು ಬೆಳಗ್ಗೆ ಸಾಮ್ರಾಜ್ಯ ಉರುಳಿತು. ಉರುಳಿಸಿದವರು ದೊಡ್ಡಮ್ಮನ ಹೆಣ್ಣುಮಕ್ಕಳೇ. ಹಿರಿಯವಳು ಹಿಂಗಾಲಿನ ನರ ಕಚ್ಚಿ ಎಳೆದಳು, ಕಿರಿಯವಳು ಕಿವಿ ಹರಿದಳು, ಮಧ್ಯದವಳು ಹೊಟ್ಟೆಗೆ ಬಾಯಿ ಹಾಕಿ ತಲೆ ಕೊಡವಿದಾಗ ರಕ್ತ ಕಂಬಿಗಳಾಚೆ ನಿಂತಿದ್ದ ಟಿಕೆಟ್ಟಿನ ಜನರ ಮೇಲೆ ಸಿಡಿಯಿತು. ಮೂರ್ಬೆರಳ ಬಿದಿರಿನ ಕೋಲು ಹಿಡಿದು ಒಳಗೆ ನುಗ್ಗಿ ಸಿಕ್ಕಸಿಕ್ಕವಳ ಮೂತಿಗೆ ಬಾರಿಸಿದ. ಬಿದಿರನ್ನೂ ಅಗಿದು ಉಗಿದರು. ಅವರು ಗೂಡು ಸೇರುವ ಹೊತ್ತಿಗೆ ದೊಡ್ಡಮ್ಮ ಅವನ ಕಡೆ ಒಮ್ಮೆ ಕಣ್ಣೆತ್ತಿ ನೋಡಿ, ಮತ್ತೆ ಏಳಲಿಲ್ಲ.

ಮಿದುಳು ಬಹಳ ಹೊತ್ತು ಕಾಯುವುದಿಲ್ಲ, ಬಿಸಿಲಿಗೆ ಅಂಬಲಿಯಾಗುತ್ತದೆ. ಕುಟ್ಟಕ್ಕ ಗರಗಸ, ಉಳಿ, ಕೊಡತಿ, ಬಕೆಟ್ ಸಮೇತ ದಂಡೆತ್ತಿ ಬಂದಳು. ಮೃಗಾಲಯದ ಹಿಂದಿನ ತಗಡಿನ ಶೆಡ್ಡಿನಲ್ಲಿ ತಮ್ಮ ಹೆಣದ ಪಕ್ಕ ಗುಂಡಿ ತೋಡುತ್ತಿದ್ದ. ಸಲಿಕೆ ಎತ್ತಿ ಹಿಡಿದ.

"ಅಕ್ಕ, ಬಂದ ದಾರೀಲೇ ಹೋಗು."

"ನಿಮ್ಮ ದೊಡ್ಡ ಸಾಹೇಬ್ರು ಒಪ್ಪಿಗೆ ಕೊಟ್ಟಿದಾರೆ ಕಣೋ. ಮೈಯೆಲ್ಲ ನೀನೇ ಹೂತ್ಕೋ, ತಲೆ ಒಂದು ಬಿಡು."

"ಮೂಳೆ ಬೇಕಾದ್ರೆ ತಗೊಂಡ್ಹೋಗು. ನನ್ನ ಗುರುತು ಹಿಡೀತಿದ್ದದ್ದು ಮೂಳೆಯಲ್ಲ. ಒಳಗಿರೋದನ್ನ ಮುಟ್ಟಿದ್ರೆ ನೀನು ನನ್ನಕ್ಕ ಅಲ್ಲ."

ಆಕೆ ಮುಟ್ಟಿದಳು. ದೊಡ್ಡಮ್ಮನ ನೆತ್ತಿಗೆ ಅಭ್ಯಾಸಬಲದಿಂದ ಟಕ್ಕೆಂದು ಒಂದು ಕುಟ್ಟಿದಳು. ಮರುಕ್ಷಣ ಸಲಿಕೆಯ ಹಿಡಿ ಆಕೆಯ ಹಣೆಗೆ ಬಿತ್ತು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಆಕೆ ಬಕೆಟ್ಟಿನ ಮುಚ್ಚಳದಿಂದ ಅವನ ಮೂಗಿಗೆ ಕೊಟ್ಟಳು. ಮೂಗು ತನ್ನ ಹಳೆಯ ಜಾಗ ಬಿಟ್ಟು ಎಡಕ್ಕೆ ಸರಿಯಿತು. ಅವನು ಆಕೆಯ ಜುಟ್ಟು ಹಿಡಿದು ತಗಡಿಗೆ ಅಪ್ಪಳಿಸಿದ. ಶೆಡ್ಡು ನಗಾರಿಯಂತೆ ಮೊಳಗಿತು. ಆಕೆ ಅವನ ಮಿಕ್ಕ ಬೆರಳುಗಳಲ್ಲೊಂದನ್ನು ಕಚ್ಚಿದಳು, ಅದೂ ಹೋಗುತ್ತಿತ್ತು, ಆಕೆಯ ಹಲ್ಲೇ ಮೊದಲು ಅಲುಗಾಡಿತು. ಬೈಗುಳದಲ್ಲಿ ಅಪ್ಪ, ಅಮ್ಮ, ಅಜ್ಜ ಎಲ್ಲ ಬಂದು ಹೋದರು. ಇಬ್ಬರಿಗೂ ಅವರೇ ಆದ್ದರಿಂದ ಯಾರಿಗೂ ಲಾಭವಾಗಲಿಲ್ಲ. ಕೊನೆಗೆ ಆಕೆಯ ಕೈಗೆ ಕೊಡತಿ ಸಿಕ್ಕಿತು. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬಾಲ್ಯದಿಂದ ಕುಟ್ಟಿ ತಿಳಿದಿದ್ದ ತಲೆ ಅದು. ದಪ್ಪ ಇದ್ದ ಕಡೆಗೇ ಹೊಡೆದಳು. ಮೂರ್ಬೆರಳ ತಾನೇ ತೋಡಿದ್ದ ಗುಂಡಿಯೊಳಗೆ ಸದ್ದಿಲ್ಲದೆ ಮಲಗಿದ.

ಉಸಿರಾಡುತ್ತಿದ್ದಾನೆಂದು ಖಚಿತಪಡಿಸಿಕೊಂಡು, ತನ್ನ ರಕ್ತ ಮಿದುಳಿನ ಮೇಲೆ ತೊಟ್ಟಿಕ್ಕದಿರಲೆಂದು ಹಣೆಗೆ ನೆಲ ಒರೆಸುವ ಬಟ್ಟೆ ಬಿಗಿದು, ಗರಗಸ ಎತ್ತಿಕೊಂಡಳು. ತಮ್ಮನಿಗೆ ಎಚ್ಚರವಾಗುವಷ್ಟರಲ್ಲಿ ದೊಡ್ಡಮ್ಮನ ಮುಂಡ ಅವನ ಪಕ್ಕದಲ್ಲಿತ್ತು, ತಲೆ ಇರಲಿಲ್ಲ.

ಮಾರನೆಯ ಬೆಳಗ್ಗೆ ಪ್ರತಿದಾಳಿ. ತಲೆಗೆ ಬ್ಯಾಂಡೇಜು ಸುತ್ತಿದ ಮೂರ್ಬೆರಳ ಸಂಶೋಧನಾಲಯಕ್ಕೆ ನುಗ್ಗಿದ. ತಡೆದ ಗೇಟಿನವನ ದವಡೆ ಕಳಚಿತು. ಪಾಪ, ಅವನು 'ಸಹಿ ಮಾಡಿ ಹೋಗಿ' ಅಂದದ್ದಷ್ಟೇ. ಬಾಗಿಲಿನ ಗಾಜು ಪುಡಿಯಾಯಿತು. ಮೂರ್ಬೆರಳ ಬಕೆಟ್ಟುಗಳ ಮುಚ್ಚಳ ಒಂದೊಂದಾಗಿ ಕಿತ್ತೆಸೆದ. ಎಲ್ಲದರಲ್ಲೂ ದಾರಕ್ಕೆ ನೇತುಬಿದ್ದ ಮಿದುಳು, ಹೆಸರಿಲ್ಲ. ಒಂದು ಪುಟ್ಟ ಬಕೆಟ್ಟಿನಲ್ಲಿ ಮುಷ್ಟಿಗಾತ್ರದ್ದೊಂದು ತೂಗಾಡುತ್ತಿತ್ತು. ಯಾವುದೋ ಬೀದಿನಾಯಿಯದೆಂದು ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಕೊನೆಯ ದೊಡ್ಡ ಬಕೆಟ್ಟಿನೊಳಗೆ ಎಲ್ಲಕ್ಕಿಂತ ಹಿರಿದಾದದ್ದು, ಮಡಿಕೆ ಮಡಿಕೆಯಾಗಿ, ರಾಜಗಾಂಭೀರ್ಯದಿಂದ ತೇಲುತ್ತಿತ್ತು. ಇದಲ್ಲದೆ ಇನ್ನಾವುದು ದೊಡ್ಡಮ್ಮನದಾಗಬಲ್ಲದು? ಬಕೆಟ್ ಸಮೇತ ಎದೆಗವುಚಿಕೊಂಡು ಓಡಿದ. ಫಾರ್ಮಲಿನ್ ತುಳುಕಿ ಮೈ ಉರಿಯಿತು, ಕಣ್ಣು ಉರಿಯಿತು, ನಿಲ್ಲಲಿಲ್ಲ.

ಡಾಕ್ಟ್ರಮ್ಮ ಬಂದು ಗಾಜಿನ ಚೂರುಗಳ ನಡುವೆ ಕುಸಿದು ಕೂತಳು. ಕುಟ್ಟಕ್ಕ ಪುಟ್ಟ ಬಕೆಟ್ಟನ್ನು ಎತ್ತಿ ಅವಳ ಮುಂದಿಟ್ಟಳು. ಬಣ್ಣದ ಗುರುತು ನೋಡಿದ ಡಾಕ್ಟ್ರಮ್ಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ದೊಡ್ಡಮ್ಮ ಅಲ್ಲೇ ಇದ್ದಳು, ಒಂದು ಗೀರೂ ಇಲ್ಲದೆ. ಹೋದದ್ದು ಕಸಾಯಿಖಾನೆಯಿಂದ ತಂದ ಎತ್ತಿನದು. ಬೇಕೆಂದರೆ ನಾಳೆಯೇ ಇನ್ನೊಂದು ಸಿಗುತ್ತಿತ್ತು. ದೊಡ್ಡ ಮೈಗೆ ದೊಡ್ಡ ಮಿದುಳು, ಅಷ್ಟರಿಂದಲೇ ದೊಡ್ಡ ಬುದ್ಧಿ ಬಂದುಬಿಡುವುದಿಲ್ಲ ಎಂದು ಡಾಕ್ಟ್ರಮ್ಮ ಜೀವಮಾನವೆಲ್ಲ ಪಾಠ ಹೇಳಿದ್ದಳು. ಮೂರ್ಬೆರಳ ಆ ಪಾಠಕ್ಕೆ ಹಾಜರಾಗಿರಲಿಲ್ಲ.

ಆದರೂ ಡಾಕ್ಟ್ರಮ್ಮ ಪ್ರಾಮಾಣಿಕಳು. ಅವನಿಗೆ ನಿಜ ಹೇಳಿಬಿಡೋಣ ಎಂದು ಹೊರಟಳು. ಹೇಳಿದರೆ ಅವನು ಮತ್ತೆ ಬರುತ್ತಾನೆ, ಮತ್ತೆ ಕೊಡತಿ ಎತ್ತಬೇಕು, ಈ ಸಲ ದಪ್ಪ ಇದ್ದ ಕಡೆ ನೋಡಿ ಹೊಡೆಯಲು ಪುರುಸೊತ್ತು ಸಿಗುತ್ತದೆಂಬ ಭರವಸೆಯಿಲ್ಲ, ಇರುವವನು ಒಬ್ಬನೇ ತಮ್ಮ ಎಂದು ಕುಟ್ಟಕ್ಕ ದಾರಿಯುದ್ದಕ್ಕೂ ಗೊಣಗಿದಳು. ಡಾಕ್ಟ್ರಮ್ಮ ಅರ್ಧ ದಾರಿಯಲ್ಲಿ ಹಿಂದೆ ಉಳಿದಳು.

ಶೆಡ್ಡಿನ ಹಿಂದೆ ಹೊಸ ಮಣ್ಣಿನ ದಿಬ್ಬ ಎದ್ದಿತ್ತು. ಮೂರ್ಬೆರಳ ಅದರ ಮೇಲೆ ಅಂಗೈ ಊರಿ ಕೂತಿದ್ದ. ಸೊಟ್ಟ ಮೂಗು ಊದಿತ್ತು, ಕಣ್ಣು ಕೆಂಡವಾಗಿತ್ತು. ಅಕ್ಕನನ್ನು ಕಂಡರೂ ಸಲಿಕೆಗೆ ಕೈಹಾಕಲಿಲ್ಲ.

"ಎಲ್ಲ ಒಟ್ಟಿಗೆ ಸೇರಿಸಿದೀನಿ ಅಕ್ಕ. ಇನ್ನು ನಿನ್ ಮೇಲೆ ನನಗೇನೂ ಇಲ್ಲ," ಎಂದ. ದಿಬ್ಬವನ್ನು ಅಂಗೈಯಿಂದ ತಟ್ಟಿದ. "ನೋಡಿದ್ಯಲ್ಲ, ಎಷ್ಟು ದೊಡ್ಡದಿತ್ತು. ಅಷ್ಟರ ತುಂಬ ನಾವೇ ಇದ್ವಿ. ಇಡೀ ಗುಂಪನ್ನ ಆಳಿದ್ಲು, ನನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಎದ್ದು ಬರೋಳು. ಅಂಥ ತಲೆ ಇನ್ನೊಂದು ಹುಟ್ಟುತ್ತಾ? ಹೇಳಕ್ಕ, ಅಷ್ಟು ತಲೆ ಬಿಚ್ಚಿದೀಯ, ಏನಾದ್ರೂ ಒಂದು ಹೇಳು."

ಕುಟ್ಟಕ್ಕ ಹತ್ತಿರ ಬಂದಳು. ಬ್ಯಾಂಡೇಜು ಇಲ್ಲದ ಕಡೆ ಹುಡುಕಿ, ತಮ್ಮನ ತಲೆಗೆ ಟಕ್ಕೆಂದು ಒಂದು ಕುಟ್ಟಿ, ಕಿವಿಗೊಟ್ಟು ಕೇಳಿದಳು.

"ಬಕೆಟ್ ವಾಪಸ್ ಕೊಡೋ," ಎಂದಳು. "ನಾಳೆ ಕೆಲಸಕ್ಕೆ ಬೇಕು."